ಹೊಳಪು ನೋಡಿ ಗಾತ್ರ ಹೇಳಬಹುದೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ದಾರಿ ಹಿಡಿದು ಒಂದೇ ಪ್ರಶ್ನೆಗೆ ಬಂದು ನಿಂತಿವೆ: ಆಕಾಶದಲ್ಲಿ ಕಾಣುವ ಹೊಳಪಿಗೂ ಆ ವಸ್ತುವಿನ ನಿಜವಾದ ಗಾತ್ರಕ್ಕೂ ಏನು ಸಂಬಂಧ? ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟಿದ್ದೇನೆ. ದೂರದರ್ಶಕದ ಮುಂದೆ ಕುಳಿತು ಚುಕ್ಕಿಗಳ ಹೊಳಪನ್ನು ಅಂದಾಜು ಮಾಡಿ ಬರೆದಿಡುವುದು ನನ್ನ ಬಹುಕಾಲದ ಹವ್ಯಾಸ. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿದ್ದರೆ ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: 2024 ವೈಆರ್4 ಎಂಬ ಕ್ಷುದ್ರಗ್ರಹ ಭೂಮಿಗೆ ಅಪ್ಪಳಿಸಬಹುದು ಎಂದು ಸುದ್ದಿಯಾದಾಗ ಅದರ ಗಾತ್ರ 40ರಿಂದ 90 ಮೀಟರ್ ಎಂದು ಬರೆದಿದ್ದರು. 2032ರ ಡಿಸೆಂಬರಿನಲ್ಲಿ ಅದು ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬಲ್ಲ ವಿಜ್ಞಾನಿಗಳಿಗೆ ಅದರ ಗಾತ್ರವನ್ನು ನೆಟ್ಟಗೆ ಹೇಳಲು ಏಕೆ ಆಗಲಿಲ್ಲ? ಇದು ಅಸಡ್ಡೆಯಲ್ಲವೇ?

ಉತ್ತರ: ಖಂಡಿತ ಅಲ್ಲ. ಆ ಹೊತ್ತಿನಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ಇರಲಿಲ್ಲ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕದ ಚಿತ್ರಗಳಲ್ಲಿ ಇದು ಪತ್ತೆಯಾಯಿತು. ಚಿತ್ರದಲ್ಲಿ ಕಂಡದ್ದು ನಕ್ಷತ್ರಗಳ ನಡುವೆ ಸರಿದಾಡುವ ಒಂದು ಬೆಳಕಿನ ಚುಕ್ಕಿ, ಅಷ್ಟೇ. ಅಂಚಿಲ್ಲ, ಆಕಾರವಿಲ್ಲ. ಚುಕ್ಕಿಯ ಸ್ಥಾನವನ್ನು ಮತ್ತೆ ಮತ್ತೆ ಅಳೆದರೆ ಕಕ್ಷೆ ಸಿಗುತ್ತದೆ. ಕಕ್ಷೆ ಸಿಕ್ಕರೆ ಅದು ನಮ್ಮಿಂದ ಎಷ್ಟು ದೂರ, ಸೂರ್ಯನಿಂದ ಎಷ್ಟು ದೂರ ಎಂಬುದೂ ತಿಳಿಯುತ್ತದೆ. ಇನ್ನು ಉಳಿಯುವುದು ಹೊಳಪು. ದೂರದ ಪರಿಣಾಮವನ್ನು ಕಳೆದ ಮೇಲೆ ಆ ಹೊಳಪು ಎರಡು ಸಂಗತಿಗಳ ಗುಣಲಬ್ಧ: ಕಲ್ಲಿನ ಅಡ್ಡಕೊಯ್ತದ ವಿಸ್ತೀರ್ಣ ಎಷ್ಟು, ಮತ್ತು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಅದು ಹಿಂದಕ್ಕೆ ಕಳಿಸುತ್ತದೆ. ಈ ಎರಡನೆಯದನ್ನು ಆಲ್ಬೆಡೊ ಅಥವಾ ಪ್ರತಿಫಲನಾಂಕ ಎನ್ನುತ್ತಾರೆ. ಗುಣಲಬ್ಧ 12 ಎಂದು ಹೇಳಿ ಎರಡು ಸಂಖ್ಯೆಗಳು ಯಾವುವು ಎಂದು ಕೇಳಿದರೆ ಯಾರು ತಾನೇ ಖಚಿತವಾಗಿ ಹೇಳಬಲ್ಲರು? ಮೂರು ನಾಲ್ಕಲಿ ಇರಬಹುದು, ಎರಡಾರಲಿಯೂ ಇರಬಹುದು.

ಕ್ಷುದ್ರಗ್ರಹಗಳ ವಿಷಯದಲ್ಲಿ ಈ ಅನಿಶ್ಚಿತತೆ ಸಣ್ಣದಲ್ಲ. ಇಂಗಾಲ ಹೆಚ್ಚಿರುವ ಕಪ್ಪು ಕಲ್ಲುಗಳು ಬಿಸಿಲಿನ ಶೇಕಡಾ 4 ಅಥವಾ 5 ಭಾಗವನ್ನಷ್ಟೇ ಮರಳಿಸುತ್ತವೆ. ಜಪಾನಿನ ಹಯಬುಸಾ2 ನೌಕೆ ಹೋಗಿ ಬಂದ ರ್ಯುಗು, ಅಮೆರಿಕದ ಒಸೈರಿಸ್-ರೆಕ್ಸ್ ಮಾದರಿ ತಂದ ಬೆನ್ನು, ಎರಡೂ ಈ ಜಾತಿಯವು. ಸಿಲಿಕೇಟ್ ಖನಿಜಗಳು ಹೆಚ್ಚಿರುವ ಕಲ್ಲುಗಳು ಶೇಕಡಾ 25ರಷ್ಟನ್ನು ಮರಳಿಸಬಲ್ಲವು. ಅಂದರೆ ಒಂದೇ ಹೊಳಪಿನ ಎರಡು ಚುಕ್ಕಿಗಳಲ್ಲಿ ಒಂದು ಸಣ್ಣ ತಿಳಿಗಲ್ಲು, ಇನ್ನೊಂದು ಅದರ ಎರಡರಷ್ಟಕ್ಕಿಂತ ಹೆಚ್ಚು ಅಗಲದ ಕಪ್ಪು ಬಂಡೆ ಆಗಿರಬಹುದು. ವೈಆರ್4ರ ಹೊಳಪನ್ನು ಈ ಎರಡು ತುದಿಗಳಿಗೆ ಹಚ್ಚಿದಾಗ ಬಂದದ್ದೇ ಆ 40 ಮತ್ತು 90.

ಅಗಲದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಎಂದರೆ ಹೆಚ್ಚೇನೂ ಅನ್ನಿಸದಿರಬಹುದು. ಆದರೆ ಅಪ್ಪಳಿಸುವ ಕಲ್ಲಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಅದರ ಘನಗಾತ್ರ. ಒಂದೇ ಬಗೆಯ ಕಲ್ಲಾದರೆ 90 ಮೀಟರಿನದು 40 ಮೀಟರಿನದಕ್ಕಿಂತ ಸುಮಾರು 11 ಪಟ್ಟು ಭಾರ. ಅಷ್ಟೇ ಪಟ್ಟು ಹೆಚ್ಚು ಶಕ್ತಿ. ಅದಕ್ಕಾಗಿಯೇ ಪ್ರತಿಫಲನಾಂಕ ತಿಳಿಯುವುದು ಜನರ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ಈ ಗಂಟು ಬಿಡಿಸುವ ದಾರಿ ಇದೆ, ನನಗೆ ಅದು ಬಹಳ ಇಷ್ಟವಾದ ದಾರಿ. ಕಲ್ಲು ಮರಳಿಸದೆ ಉಳಿಸಿಕೊಂಡ ಬಿಸಿಲು ಎಲ್ಲಿಗೆ ಹೋಯಿತು? ಕಲ್ಲನ್ನು ಬಿಸಿ ಮಾಡಿತು. ಬಿಸಿಯಾದ ಕಲ್ಲು ಆ ಶಾಖವನ್ನು ಅವಗೆಂಪು ಕಿರಣಗಳಾಗಿ ಹೊರಸೂಸುತ್ತದೆ. ಈಗ ಲೆಕ್ಕ ನೋಡಿ. ನೂರರಲ್ಲಿ 5 ಪಾಲು ಮರಳಿಸುವ ಕಲ್ಲು 95 ಪಾಲು ಹೀರುತ್ತದೆ, 25 ಪಾಲು ಮರಳಿಸುವ ಕಲ್ಲು 75 ಪಾಲು ಹೀರುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಐದು ಪಟ್ಟು ವ್ಯತ್ಯಾಸ, ಶಾಖದಲ್ಲಿ ಕಾಲು ಭಾಗದಷ್ಟು ಮಾತ್ರ. ಹಾಗಾಗಿ ಅವಗೆಂಪಿನಲ್ಲಿ ಎಷ್ಟು ಪ್ರಕಾಶವಾಗಿದೆ ಎಂಬುದು ಹೆಚ್ಚುಕಡಿಮೆ ನೇರವಾಗಿ ಗಾತ್ರವನ್ನೇ ಹೇಳುತ್ತದೆ. ಗಾತ್ರ ಗೊತ್ತಾದರೆ ಪ್ರತಿಫಲನಾಂಕ ತಾನಾಗಿ ಗೊತ್ತಾಯಿತು. 2025ರ ಮಾರ್ಚಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ವೈಆರ್4ರ ಕಡೆ ತಿರುಗಿದ್ದು ಇದೇ ಕೆಲಸಕ್ಕೆ. ಅದು ಸುಮಾರು 60 ಮೀಟರ್ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಕಕ್ಷೆಯೂ ಸ್ಪಷ್ಟವಾಗಿ, ಫೆಬ್ರವರಿಯಲ್ಲಿ ಶೇಕಡಾ 3ರಷ್ಟಕ್ಕೆ ಏರಿದ್ದ ಅಪ್ಪಳಿಸುವ ಸಂಭವ ಇಲ್ಲವಾಗಿತ್ತು.

ಕಾಣದಿರುವುದೂ ಒಂದು ಸಾಕ್ಷಿಯಾಗಬಲ್ಲದು. 2017ರಲ್ಲಿ ಸೌರಮಂಡಲದ ಹೊರಗಿನಿಂದ ಬಂದುಹೋದ ಔಮುವಾಮುವಾವನ್ನು ಸ್ಪಿಟ್ಜರ್ ಅವಗೆಂಪು ದೂರದರ್ಶಕ ಹುಡುಕಿದಾಗ ಅದಕ್ಕೆ ಏನೂ ಕಾಣಲಿಲ್ಲ. ಶಾಖ ಅಷ್ಟು ಕಡಿಮೆ ಎಂದರೆ ವಸ್ತು ಚಿಕ್ಕದು. ಚಿಕ್ಕದಾಗಿಯೂ ಬೆಳಕಿನಲ್ಲಿ ಅಷ್ಟು ಕಂಡಿದೆ ಎಂದರೆ ಅದರ ಮೈ ಹೆಚ್ಚು ಹೊಳೆಯುವಂಥದ್ದು. ಏನೂ ಸಿಗದ ಒಂದು ಚಿತ್ರದಿಂದ ಎರಡು ಗುಣಗಳ ಸುಳಿವು ಸಿಕ್ಕಿತು.

ಪತ್ರಿಕೆಗಳಲ್ಲಿ ಹೊಸ ಕ್ಷುದ್ರಗ್ರಹಕ್ಕೆ ಒಂದೇ ಸಂಖ್ಯೆಯ ಗಾತ್ರ ಕೊಟ್ಟಿದ್ದರೆ ಅದನ್ನು ನಂಬಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಅದು ಪ್ರತಿಫಲನಾಂಕ 0.14, ಅಂದರೆ ಶೇಕಡಾ 14, ಎಂದು ಊಹಿಸಿಕೊಂಡು ಬರೆದದ್ದಾಗಿರುತ್ತದೆ.

ಪ್ರಶ್ನೆ: ಚಂದ್ರನ ಮಣ್ಣು ಕಪ್ಪು ಎಂದು ಓದಿದೆ. ಹುಣ್ಣಿಮೆಯ ಚಂದ್ರ ಹಾಲಿನಂತೆ ಬೆಳ್ಳಗೆ ಕಾಣುವಾಗ ಇದನ್ನು ನಂಬುವುದು ಹೇಗೆ? (ಒಬ್ಬ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಂಬಿ. ಚಂದ್ರನ ಪ್ರತಿಫಲನಾಂಕ ಸುಮಾರು 0.12. ಸವೆದ ಡಾಂಬರು ರಸ್ತೆ ಬಿಸಿಲಿನಲ್ಲಿ ಎಷ್ಟು ಬೆಳಕು ಮರಳಿಸುತ್ತದೆಯೋ ಹೆಚ್ಚುಕಡಿಮೆ ಅಷ್ಟೇ. ಅದು ಬೆಳ್ಳಗೆ ಕಾಣುವುದಕ್ಕೆ ಕಾರಣ, ಅದರ ಪಕ್ಕದಲ್ಲಿ ಹೋಲಿಸಲು ಕಪ್ಪು ಆಕಾಶ ಬಿಟ್ಟು ಬೇರೇನೂ ಇಲ್ಲ, ಮತ್ತು ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡಿರುತ್ತದೆ.

ಪಕ್ಕದಲ್ಲಿ ಹೋಲಿಸಲು ಏನಾದರೂ ಇದ್ದರೆ ಹೇಗಿರುತ್ತದೆ ಎಂಬುದಕ್ಕೆ ಒಂದು ಚಿತ್ರವಿದೆ. 2015ರ ಜುಲೈ 16ರಂದು ಡಿಸ್ಕವರ್ ಎಂಬ ಉಪಗ್ರಹ ಸುಮಾರು 16 ಲಕ್ಷ ಕಿಲೋಮೀಟರ್ ದೂರದಿಂದ ಭೂಮಿಯ ಚಿತ್ರ ತೆಗೆಯುತ್ತಿದ್ದಾಗ ಚಂದ್ರ ಅಡ್ಡ ಹಾದುಹೋಯಿತು. ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು. ಮೋಡ, ಸಮುದ್ರಗಳ ಭೂಮಿ ಬೆಳಗುತ್ತಿದೆ. ಅದರ ಮುಂದೆ ಚಂದ್ರ ಮಂಕಾದ ಬೂದುಬಣ್ಣದ ಬಿಲ್ಲೆ. ಆ ಚಿತ್ರವನ್ನು ಹುಡುಕಿ ನೋಡಿ. ಅದನ್ನು ಮೊದಲ ಸಲ ನೋಡಿದಾಗ ಯಾರೋ ಚಂದ್ರನನ್ನು ಕತ್ತರಿಸಿ ಅಂಟಿಸಿದ್ದಾರೆ ಎಂದೇ ಬಹಳ ಜನರಿಗೆ ಅನ್ನಿಸಿತ್ತು.

ಚಂದ್ರನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಷ್ಟಮಿಯ ದಿನ ನಮಗೆ ಅರ್ಧ ಚಂದ್ರ ಕಾಣುತ್ತದೆ, ಹಾಗಾದರೆ ಬೆಳಕೂ ಹುಣ್ಣಿಮೆಯ ಅರ್ಧದಷ್ಟಿರಬೇಕಲ್ಲವೇ? ಇರುವುದು ಸುಮಾರು ಹತ್ತನೆಯ ಒಂದು ಪಾಲು. ಅಷ್ಟಮಿಯಂದು ಬಿಸಿಲು ಓರೆಯಾಗಿ ಬೀಳುತ್ತದೆ. ಗುಡ್ಡ, ಕುಳಿ, ಕಲ್ಲು, ಕೊನೆಗೆ ದೂಳಿನ ಕಣಕಣವೂ ತನ್ನ ಪಕ್ಕದಲ್ಲಿ ನೆರಳು ಚೆಲ್ಲುತ್ತದೆ, ಆ ನೆರಳುಗಳೆಲ್ಲ ನಮಗೆ ಕಾಣುತ್ತವೆ. ಹುಣ್ಣಿಮೆಯಂದು ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ, ಪ್ರತಿಯೊಂದು ನೆರಳೂ ತನ್ನ ಕಣದ ಹಿಂದೆಯೇ ಅಡಗುತ್ತದೆ. ಜೊತೆಗೆ ಚಂದ್ರನ ದೂಳಿಗೆ ಬೆಳಕನ್ನು ಬಂದ ದಿಕ್ಕಿಗೇ ಹೆಚ್ಚಾಗಿ ತಿರುಗಿಸಿ ಕಳಿಸುವ ಸ್ವಭಾವವಿದೆ. ಚಂದ್ರನ ಮೇಲೆ ನಡೆದ ಅಪೋಲೊ ಯಾನಿಗಳಿಗೆ ತಮ್ಮ ತಲೆಯ ನೆರಳಿನ ಸುತ್ತ ನೆಲ ಹೆಚ್ಚು ಹೊಳೆಯುವುದು ಕಾಣಿಸುತ್ತಿತ್ತು. ಕಾರಣ ಇದೇ. ಹೀಗಾಗಿ ಯಾವ ಕೋನದಿಂದ ನೋಡುತ್ತೇವೆ ಎಂಬುದನ್ನು ಬಿಟ್ಟು ಬರೀ ಗಾತ್ರ ಮತ್ತು ಪ್ರತಿಫಲನಾಂಕದಿಂದ ಹೊಳಪನ್ನು ಲೆಕ್ಕ ಹಾಕಲಾಗದು.

ಪ್ರಶ್ನೆ: ಕ್ಷುದ್ರಗ್ರಹಗಳಲ್ಲಿ ಸೀರೀಸ್ ಅತಿ ದೊಡ್ಡದಂತೆ, ಆದರೆ ಬರಿಗಣ್ಣಿಗೆ ಕಾಣುವುದು ವೆಸ್ಟಾ ಮಾತ್ರವಂತೆ. ಏಕೆ?

ಉತ್ತರ: ಸೀರೀಸ್ 940 ಕಿಲೋಮೀಟರ್ ಅಗಲ, ವೆಸ್ಟಾ ಸುಮಾರು 525. ವಿಸ್ತೀರ್ಣ ತೆಗೆದುಕೊಂಡರೆ ಸೀರೀಸ್ ಮೂರು ಪಟ್ಟಿಗಿಂತ ಹೆಚ್ಚು ದೊಡ್ಡದು. ಆದರೆ ಸೀರೀಸ್‌ನ ಪ್ರತಿಫಲನಾಂಕ 0.09, ವೆಸ್ಟಾದ್ದು 0.42. ಇಲ್ಲಿ ವೆಸ್ಟಾ ನಾಲ್ಕೂವರೆ ಪಟ್ಟಿಗಿಂತ ಮುಂದೆ. ಎರಡನ್ನೂ ಒಂದೇ ದೂರದಲ್ಲಿಟ್ಟರೂ ಚಿಕ್ಕದಾದ ವೆಸ್ಟಾ ಸುಮಾರು ಒಂದೂವರೆ ಪಟ್ಟು ಹೆಚ್ಚು ಹೊಳೆಯುತ್ತದೆ. ಅದರ ಮೇಲೆ ವೆಸ್ಟಾ ಸೂರ್ಯನಿಗೂ ನಮಗೂ ಹೆಚ್ಚು ಹತ್ತಿರ ಬರುತ್ತದೆ.

ಕಾಂತಿಮಾನದ ಅಳತೆಯಲ್ಲಿ ಸಂಖ್ಯೆ ಸಣ್ಣದಾದಷ್ಟೂ ಹೊಳಪು ಹೆಚ್ಚು, ಐದು ಮೆಟ್ಟಿಲಿಗೆ ನೂರು ಪಟ್ಟು ವ್ಯತ್ಯಾಸ. ಬರಿಗಣ್ಣಿನ ಮಿತಿ 6ರ ಆಸುಪಾಸು. ವೆಸ್ಟಾ ಅತಿ ಹೆಚ್ಚೆಂದರೆ 5.1ರವರೆಗೆ ಬರುತ್ತದೆ, ಸೀರೀಸ್ 6.7ರ ಹತ್ತಿರ ನಿಲ್ಲುತ್ತದೆ. ಪಿಯಾಝಿ 1801ರ ಜನವರಿ 1ರಂದು ಮೊದಲು ಕಂಡದ್ದು ಸೀರೀಸನ್ನು. ಹೆಚ್ಚು ಹೊಳೆಯುವ ವೆಸ್ಟಾ ಓಲ್ಬರ್ಸ್ ಕಣ್ಣಿಗೆ ಬಿದ್ದದ್ದು 1807ರಲ್ಲಿ. ಹೊಳಪು ಹೆಚ್ಚಿದ್ದರೂ ಮೊದಲು ಸಿಗುತ್ತದೆ ಎಂಬ ಭರವಸೆಯಿಲ್ಲ, ಯಾರು ಯಾವ ಕಡೆ ನೋಡುತ್ತಿದ್ದಾರೆ ಎಂಬುದೂ ಮುಖ್ಯ.

ಬರಿಗಣ್ಣಿಗಿಂತ 10×50 ಬೈನಾಕ್ಯುಲರ್ ಹಿಡಿದು ನೋಡುವುದು ಒಳ್ಳೆಯದು. ವೆಸ್ಟಾ ನಕ್ಷತ್ರದಂತೆಯೇ ಕಾಣುತ್ತದೆ, ಮುಖ ನೋಡಿ ಗುರುತಿಸಲಾಗದು. ನಾನು ಮಾಡುವುದು ಇಷ್ಟು: ನೋಟದೊಳಗೆ ಬಂದ ಚುಕ್ಕಿಗಳನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ಎರಡು ಮೂರು ರಾತ್ರಿ ಬಿಟ್ಟು ಅದೇ ಜಾಗ ನೋಡುವುದು. ಜಾಗ ಬದಲಿಸಿದ ಚುಕ್ಕಿ ಯಾವುದೋ ಅದೇ ವೆಸ್ಟಾ. ಬೆಳಕು ಕಡಿಮೆ ಇರುವ ಕೆಂಪು ಟಾರ್ಚ್ ಬಳಸಿ, ಮೊಬೈಲ್ ತೆಗೆಯಬೇಡಿ. ಮೊಬೈಲಿನ ಪರದೆ ಒಂದು ಸಲ ಬೆಳಗಿದರೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುತ್ತದೆ.

ಪ್ರಶ್ನೆ: ಒಂದೇ ವಸ್ತು ಒಂದು ಕಡೆಯಿಂದ ಹೊಳೆದು ಇನ್ನೊಂದು ಕಡೆಯಿಂದ ಮಂಕಾಗಿ ಕಾಣುವುದುಂಟೇ?

ಉತ್ತರ: ಉಂಟು, ಅದರ ಕಥೆ ಹೇಳುವ ಅವಕಾಶ ಕೊಟ್ಟಿದ್ದಕ್ಕೆ ನಿಮಗೆ ಧನ್ಯವಾದ. ಸೌರಮಂಡಲದಲ್ಲಿ ನನಗೆ ಅತಿ ಪ್ರಿಯವಾದ ಉಪಗ್ರಹ ಶನಿಯ ಇಯಾಪೆಟಸ್.

1671ರಲ್ಲಿ ಜಿಯೊವಾನ್ನಿ ಕ್ಯಾಸಿನಿ ಇದನ್ನು ಶನಿಯ ಪಶ್ಚಿಮಕ್ಕೆ ಕಂಡರು. ಇಯಾಪೆಟಸ್ ಶನಿಯನ್ನು ಸುತ್ತಲು 79 ದಿನ ಹಿಡಿಯುತ್ತದೆ. ಸುಮಾರು 40 ದಿನ ಕಳೆದ ಮೇಲೆ ಅದು ಪೂರ್ವದ ಕಡೆ ಇರಬೇಕು. ಅಲ್ಲಿ ಹುಡುಕಿದರೆ ಏನೂ ಇಲ್ಲ! ಮತ್ತೆ ಪಶ್ಚಿಮಕ್ಕೆ ಬರುವ ಕಾಲಕ್ಕೆ ಸರಿಯಾಗಿ ಹಾಜರು. ಅದು ಶನಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತ ಸುತ್ತುತ್ತಿರಬೇಕು, ಅದರ ಒಂದು ಅರ್ಧ ಕಪ್ಪಾಗಿರಬೇಕು ಎಂದು ಕ್ಯಾಸಿನಿ ತರ್ಕಿಸಿದರು. ಒಂದು ಚುಕ್ಕಿಯ ಹೊಳಪಿನ ಏರಿಳಿತದಿಂದ ಅದರ ಮೈಬಣ್ಣವನ್ನೂ ತಿರುಗುವ ರೀತಿಯನ್ನೂ ಹೇಳಿದ ಈ ತರ್ಕ ಪೂರ್ತಿ ಸರಿಯಾಗಿತ್ತು. ಪೂರ್ವದ ಕಡೆ ಅದನ್ನು ಕಣ್ಣಾರೆ ಕಾಣಲು ಅವರಿಗೆ ಹೆಚ್ಚು ಶಕ್ತಿಯ ದೂರದರ್ಶಕ ಬೇಕಾಯಿತು. ಅದು ಕೈಗೂಡಿದ್ದು 1705ರಲ್ಲಿ.

ಇಯಾಪೆಟಸ್‌ನ ಮುಂಭಾಗ, ಅಂದರೆ ಕಕ್ಷೆಯಲ್ಲಿ ಸಾಗುವ ದಿಕ್ಕಿನ ಮುಖ, ಬೆಳಕಿನ ಶೇಕಡಾ 5ರಷ್ಟನ್ನೇ ಮರಳಿಸುತ್ತದೆ. ಹಿಂಭಾಗ ಶೇಕಡಾ 50ಕ್ಕೂ ಹೆಚ್ಚು. ಶನಿಯ ಇನ್ನೊಂದು ದೂರದ ಉಪಗ್ರಹ ಫೀಬೆಯಿಂದ ಎದ್ದ ಕಪ್ಪು ದೂಳು ಒಂದು ವಿಶಾಲ ಉಂಗುರವಾಗಿ ಹರಡಿದೆ. ಸ್ಪಿಟ್ಜರ್ ದೂರದರ್ಶಕ ಆ ಉಂಗುರವನ್ನು 2009ರಲ್ಲಿ ಪತ್ತೆ ಮಾಡಿತು. ಆ ದೂಳು ಇಯಾಪೆಟಸ್‌ನ ಮುಂಭಾಗಕ್ಕೆ ಬಡಿಯುತ್ತದೆ. ಕಪ್ಪಾದ ನೆಲ ಹೆಚ್ಚು ಬಿಸಿಯಾಗುತ್ತದೆ, ಅಲ್ಲಿನ ಮಂಜು ಆವಿಯಾಗಿ ಹೋಗಿ ತಂಪಾದ ಬಿಳಿ ಭಾಗದಲ್ಲಿ ಮತ್ತೆ ಕೂರುತ್ತದೆ. ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಇನ್ನಷ್ಟು ಬೆಳ್ಳಗಾಗುತ್ತದೆ.

ಎಂಟು ಅಂಗುಲದ ದೂರದರ್ಶಕ ಇರುವವರು ಇದನ್ನು ತಾವೇ ನೋಡಬಹುದು. ಶನಿಯ ಪಶ್ಚಿಮದ ತುದಿಯಲ್ಲಿದ್ದಾಗ ಇಯಾಪೆಟಸ್ 10ನೆಯ ಕಾಂತಿಮಾನದ ಚುಕ್ಕಿ, ಹುಡುಕುವ ಕಷ್ಟವೇ ಇಲ್ಲ. ಪೂರ್ವದ ತುದಿಗೆ ಹೋದಾಗ 12ರ ಹತ್ತಿರ ಇಳಿಯುತ್ತದೆ. ಆಗ ಶನಿಯನ್ನು ನೋಟದಿಂದ ಹೊರಗೆ ತಳ್ಳಿ, ಚುಕ್ಕಿ ಇರಬೇಕಾದ ಜಾಗದ ಪಕ್ಕಕ್ಕೆ ದೃಷ್ಟಿ ನೆಟ್ಟು, ಕಣ್ಣಿನ ಅಂಚಿನಿಂದ ಅದನ್ನು ಹಿಡಿಯಬೇಕಾಗುತ್ತದೆ. ಎರಡೂ ಕಡೆ ನೋಡಿ, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬರೆದಿಟ್ಟುಕೊಳ್ಳಿ. ಕ್ಯಾಸಿನಿ ಮಾಡಿದ ಶೋಧವನ್ನು ನಿಮ್ಮ ಕಣ್ಣಿನಿಂದಲೇ ಮತ್ತೆ ಮಾಡಿದಂತಾಗುತ್ತದೆ.

ಪ್ರಶ್ನೆ: ಶನಿಯ ಎನ್ಸೆಲಾಡಸ್ ಉಪಗ್ರಹದ ಪ್ರತಿಫಲನಾಂಕ 1.38 ಎಂದು ಕೋಷ್ಟಕದಲ್ಲಿದೆ. ಬಿದ್ದದ್ದಕ್ಕಿಂತ ಹೆಚ್ಚು ಬೆಳಕನ್ನು ಮರಳಿಸುವುದು ಹೇಗೆ ಸಾಧ್ಯ? ಅಚ್ಚಿನ ದೋಷವೇ? (ಒಬ್ಬ ನಿವೃತ್ತ ಶಿಕ್ಷಕರು)

ಉತ್ತರ: ಸಂಖ್ಯೆ ಸರಿಯಾಗಿದೆ, ಸರ್. ಪ್ರತಿಫಲನಾಂಕಗಳಲ್ಲಿ ಎರಡು ಬಗೆ. ಎಲ್ಲ ದಿಕ್ಕುಗಳಿಗೂ ಹೋದ ಬೆಳಕನ್ನು ಒಟ್ಟು ಸೇರಿಸಿ ಲೆಕ್ಕ ಹಾಕುವುದು ಬಾಂಡ್ ಪ್ರತಿಫಲನಾಂಕ. ಇದು 1ನ್ನು ಮೀರಲಾರದು. ಎನ್ಸೆಲಾಡಸ್‌ಗೆ ಅದು ಸುಮಾರು 0.81. ನೀವು ನೋಡಿದ ಕೋಷ್ಟಕದಲ್ಲಿರುವುದು ಜ್ಯಾಮಿತೀಯ ಪ್ರತಿಫಲನಾಂಕ. ಅದರಲ್ಲಿ ಸೂರ್ಯ ಬೆನ್ನ ಹಿಂದೆ ಇರುವಾಗ ಕಾಯ ಎಷ್ಟು ಹೊಳೆಯುತ್ತದೆ ಎಂಬುದನ್ನು, ಅಷ್ಟೇ ಅಗಲದ, ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವ ಆದರ್ಶ ಬಿಳಿ ಬಿಲ್ಲೆಯೊಂದಿಗೆ ಹೋಲಿಸುತ್ತಾರೆ. ಎನ್ಸೆಲಾಡಸ್ ಬೆಳಕನ್ನು ಬಂದ ದಿಕ್ಕಿಗೇ ಹೆಚ್ಚಾಗಿ ಕಳಿಸುವುದರಿಂದ ಆ ಒಂದು ದಿಕ್ಕಿನಲ್ಲಿ ಬಿಳಿ ಬಿಲ್ಲೆಯನ್ನೂ ಮೀರಿಸುತ್ತದೆ, ಬೇರೆ ದಿಕ್ಕುಗಳಲ್ಲಿ ಅಷ್ಟು ಕಡಿಮೆ ಕೊಡುತ್ತದೆ. ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಮತ್ತು ಮಂಜಿನ ಕಣಗಳು ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಆ ಕಣಗಳು ಮರಳಿ ಬಿದ್ದು ನೆಲ ಸದಾ ಹೊಸ ಹಿಮದಿಂದ ಮುಚ್ಚಿರುತ್ತದೆ. ಬಿಸಿಲನ್ನು ಹೀಗೆ ಹೊರದೂಡುವುದರಿಂದಲೇ ಅದು ಶನಿಯ ಉಪಗ್ರಹಗಳಲ್ಲೂ ಹೆಚ್ಚು ತಣ್ಣಗಿದೆ.

ಪ್ರಶ್ನೆ: ಪ್ಲೂಟೊ ಮೊದಲು ಭೂಮಿಯಷ್ಟು ದೊಡ್ಡದೆಂದು ತಿಳಿದಿದ್ದರಂತೆ. ಅಷ್ಟು ತಪ್ಪು ಹೇಗಾಯಿತು?

ಉತ್ತರ: 1930ರಲ್ಲಿ ಕ್ಲೈಡ್ ಟಾಂಬೊ ಪ್ಲೂಟೊವನ್ನು ಪತ್ತೆ ಮಾಡಿದಾಗ ಎಲ್ಲರೂ ಕಾಯುತ್ತಿದ್ದದ್ದು ಒಂದು ದೊಡ್ಡ ಗ್ರಹಕ್ಕಾಗಿ. ಸಿಕ್ಕಿದ್ದು ಬಹಳ ಮಂಕಾದ ಚುಕ್ಕಿ. ಅದರ ಮೈ ಕಪ್ಪಾಗಿದೆ ಎಂದುಕೊಂಡರೆ ಆ ಮಂಕು ಹೊಳಪಿಗೂ ದೊಡ್ಡ ಗಾತ್ರವನ್ನು ಹೊಂದಿಸಬಹುದಿತ್ತು. ದಶಕಗಳ ಕಾಲ ಅಂದಾಜು ಇಳಿಯುತ್ತ ಬಂತು. 1976ರಲ್ಲಿ ಪ್ಲೂಟೊದ ಮೇಲೆ ಮೀಥೇನ್ ಮಂಜು ಇರುವುದು ಅದರ ಬೆಳಕಿನಿಂದ ತಿಳಿಯಿತು. ಮಂಜು ಎಂದರೆ ಹೊಳೆಯುವ ನೆಲ. ಹೊಳೆಯುವ ನೆಲವಿದ್ದೂ ಇಷ್ಟು ಮಂಕಾಗಿದೆ ಎಂದರೆ ಪ್ಲೂಟೊ ಚಂದ್ರನಿಗಿಂತಲೂ ಚಿಕ್ಕದಿರಬೇಕು! ಎರಡು ವರ್ಷಗಳ ನಂತರ ಅದರ ಉಪಗ್ರಹ ಶೇರನ್ ಸಿಕ್ಕಿ ದ್ರವ್ಯರಾಶಿ ಅಳೆದಾಗ ಅದು ಭೂಮಿಯ ಸುಮಾರು ಶೇಕಡಾ 0.2 ಎಂದು ಖಚಿತವಾಯಿತು. 2015ರ ಜುಲೈಯಲ್ಲಿ ನ್ಯೂ ಹೊರೈಜನ್ಸ್ ನೌಕೆ ಪಕ್ಕದಲ್ಲೇ ಹಾದುಹೋಗಿ ವ್ಯಾಸ 2,377 ಕಿಲೋಮೀಟರ್ ಎಂದು ತೋರಿಸಿತು.

ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಹೊರಗೆ ಹಾಕಲು ಕಾರಣವಾದ ಏರಿಸ್ ಎಂಬ ದೂರದ ಕುಬ್ಜಗ್ರಹದ ಕಥೆಯೂ ಹೀಗೇ. 2005ರಲ್ಲಿ ಪ್ರಕಟವಾದಾಗ ಅದು ಪ್ಲೂಟೊಗಿಂತ ದೊಡ್ಡದೆಂದೇ ಎಲ್ಲರ ಅಂದಾಜು. 3,000 ಕಿಲೋಮೀಟರ್ ಎಂದವರೂ ಇದ್ದರು. 2010ರ ನವೆಂಬರಿನಲ್ಲಿ ಅದು ಒಂದು ನಕ್ಷತ್ರಕ್ಕೆ ಅಡ್ಡ ಬಂತು. ನಕ್ಷತ್ರ ಎಷ್ಟು ಸೆಕೆಂಡು ಮರೆಯಾಯಿತು ಎಂಬುದನ್ನು ಚಿಲಿಯ ಎರಡು ಕಡೆಗಳಿಂದ ಅಳೆದರು. ಇದು ಗಾತ್ರ ಅಳೆಯುವ ಅತಿ ಶುದ್ಧ ವಿಧಾನ, ಏಕೆಂದರೆ ಇಲ್ಲಿ ಮೈಬಣ್ಣದ ಪ್ರಶ್ನೆಯೇ ಬರುವುದಿಲ್ಲ, ನೆರಳಿನ ಅಗಲವಷ್ಟೇ ಲೆಕ್ಕ. ಏರಿಸ್ 2,326 ಕಿಲೋಮೀಟರ್ ಎಂದು ಬಂತು, ಪ್ಲೂಟೊಗಿಂತ ತುಸು ಚಿಕ್ಕದು. ಅದರ ಪ್ರತಿಫಲನಾಂಕ 0.96! ಸೂರ್ಯನಿಂದ ಅಷ್ಟು ದೂರದಲ್ಲಿ ಅದರ ತೆಳುವಾದ ವಾತಾವರಣ ಹೆಪ್ಪುಗಟ್ಟಿ ನೆಲದ ಮೇಲೆ ಕುಳಿತಿರುವುದೇ ಈ ಬಿಳುಪಿಗೆ ಕಾರಣವಿರಬಹುದು ಎಂದು ಭಾವಿಸಲಾಗಿದೆ. ಗಾತ್ರದಲ್ಲಿ ಚಿಕ್ಕದಾದರೂ ದ್ರವ್ಯರಾಶಿಯಲ್ಲಿ ಅದು ಪ್ಲೂಟೊಗಿಂತ ಶೇಕಡಾ 27ರಷ್ಟು ಹೆಚ್ಚು.

ಇಷ್ಟು ದೂರದ ಕಾಯಗಳನ್ನು ಕಾಣುವುದು ಏಕೆ ಅಷ್ಟು ಕಷ್ಟ ಎಂಬುದನ್ನೂ ಹೇಳಿಬಿಡುತ್ತೇನೆ. ಬೆಳಕು ಸೂರ್ಯನಿಂದ ಅಲ್ಲಿಗೆ ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ, ಅಲ್ಲಿಂದ ನಮ್ಮ ಕಡೆ ಬರುವಾಗ ಮತ್ತೊಮ್ಮೆ ಹಾಗೆಯೇ ತೆಳುವಾಗುತ್ತದೆ. ಕಾಯವನ್ನು ಎರಡರಷ್ಟು ದೂರಕ್ಕೆ ಸರಿಸಿದರೆ ಹೊಳಪು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಆ ಕತ್ತಲೆಯ ಸೀಮೆಯಲ್ಲಿ ನಮಗೆ ಮೊದಲು ಸಿಗುವುದು ಬಿಳಿ ಮೈಯವು. ಅಷ್ಟೇ ದೊಡ್ಡ ಕಪ್ಪು ಕಾಯಗಳು ನಮ್ಮ ಚಿತ್ರಗಳಲ್ಲಿ ಗುರುತೇ ಬಿಡದೆ ಸುತ್ತುತ್ತಿರಬಹುದು.

ಪ್ರಶ್ನೆ: ಕೃತಕ ಉಪಗ್ರಹಗಳು ಇಷ್ಟು ಚಿಕ್ಕವಾದರೂ ನಕ್ಷತ್ರಗಳನ್ನು ಮೀರಿಸಿ ಹೊಳೆಯುತ್ತವೆ. ಅವಕ್ಕೆ ಕಪ್ಪು ಬಣ್ಣ ಬಳಿದರೆ ಖಗೋಳ ವೀಕ್ಷಕರ ತೊಂದರೆ ತಪ್ಪುವುದಿಲ್ಲವೇ?

ಉತ್ತರ: ಅವು ಹೊಳೆಯುವುದು ಹತ್ತಿರದಲ್ಲಿರುವುದರಿಂದ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 109 ಮೀಟರ್ ಉದ್ದ, 400 ಕಿಲೋಮೀಟರ್ ಎತ್ತರ, ತಲೆಯ ಮೇಲೆ ಹಾದುಹೋಗುವಾಗ ಎಲ್ಲ ನಕ್ಷತ್ರಗಳನ್ನೂ ಮೀರಿಸುತ್ತದೆ. 1960ರಲ್ಲಿ ಹಾರಿಸಿದ ಎಕೋ 1 ಲೋಹದ ಲೇಪನವಿದ್ದ 30 ಮೀಟರಿನ ಬಲೂನು. ಅದೂ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ನಯವಾದ ಚಪ್ಪಟೆ ಮೈ ಇದ್ದರಂತೂ ಗಾತ್ರದ ಲೆಕ್ಕವೇ ತಲೆಕೆಳಗಾಗುತ್ತದೆ. ಇರಿಡಿಯಂ ಉಪಗ್ರಹಗಳ ಆಂಟೆನಾ ಫಲಕ ಎರಡು ಮೀಟರಿಗಿಂತಲೂ ಚಿಕ್ಕದು. ಆದರೆ ಅದು ಕನ್ನಡಿಯಂತೆ ಬಿಸಿಲನ್ನು ಕಿರಿದಾದ ಒಂದು ಪಟ್ಟಿಗೆ ಎಸೆಯುತ್ತಿತ್ತು. ಆ ಪಟ್ಟಿಯೊಳಗೆ ನಿಂತವರಿಗೆ ಕೆಲವು ಸೆಕೆಂಡು ಶುಕ್ರನಿಗಿಂತ ಎಷ್ಟೋ ಪಟ್ಟು ಪ್ರಕಾಶ, ಸ್ವಲ್ಪ ದೂರ ನಿಂತವರಿಗೆ ಏನೂ ಇಲ್ಲ.

ಕಪ್ಪು ಬಣ್ಣದ ಪ್ರಯೋಗ ಆಗಿದೆ. ಸ್ಟಾರ್‌ಲಿಂಕ್ ಸಮೂಹದ ಮೊದಲ 60 ಉಪಗ್ರಹಗಳು 2019ರ ಮೇ ತಿಂಗಳಲ್ಲಿ ಸಾಲಾಗಿ ಹೊಳೆಯುತ್ತ ಹೋದದ್ದು ನೋಡಿ ಖಗೋಳಜ್ಞರು ಗಾಬರಿಯಾದರು. 2020ರ ಜನವರಿಯಲ್ಲಿ ಹಾರಿಸಿದ ಡಾರ್ಕ್‌ಸ್ಯಾಟ್‌ಗೆ ಕಪ್ಪು ಲೇಪನ ಕೊಟ್ಟರು. ಹೊಳಪು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಮೊದಲ ಉತ್ತರದಲ್ಲಿ ಹೇಳಿದ ಸಂಗತಿಯೇ ಇಲ್ಲಿ ತೊಡಕಾಯಿತು: ಮರಳಿಸದ ಬೆಳಕು ಶಾಖವಾಗುತ್ತದೆ. ಉಪಗ್ರಹ ಬಿಸಿಯಾಯಿತು, ಅವಗೆಂಪಿನಲ್ಲಿ ಹೊಳಪು ಉಳಿಯಿತು. ಆಮೇಲೆ ಬಿಸಿಲಿಗೆ ಅಡ್ಡ ಮರೆ ಕಟ್ಟಿ ನೋಡಿದರು. ನಂತರದ ಮಾದರಿಗಳಲ್ಲಿ ತದ್ವಿರುದ್ಧ ದಾರಿ ಹಿಡಿದು, ತಳಭಾಗಕ್ಕೆ ಕನ್ನಡಿಯಂಥ ಹಾಳೆ ಅಂಟಿಸಿ ಬೆಳಕು ಭೂಮಿಗೆ ಬರದೆ ಆಚೆ ಬಾಹ್ಯಾಕಾಶದ ಕಡೆಗೆ ಹೋಗುವಂತೆ ಮಾಡಿದರು. ಇದು ಬಣ್ಣ ಬಳಿಯುವುದಕ್ಕಿಂತ ಜಾಣತನದ ದಾರಿ.

ಆದರೂ ನನ್ನ ಚಿಂತೆ ಹೋಗಿಲ್ಲ. ಪ್ರತಿಫಲನವನ್ನು ಎಷ್ಟೇ ತಗ್ಗಿಸಿದರೂ ವಿಸ್ತೀರ್ಣ ಬೆಳೆಸಿದರೆ ಗಳಿಸಿದ್ದೆಲ್ಲ ಕೈಬಿಟ್ಟು ಹೋಗುತ್ತದೆ. 2022ರಲ್ಲಿ ಹಾರಿದ ಬ್ಲೂವಾಕರ್ 3 ತನ್ನ 64 ಚದರ ಮೀಟರಿನ ಆಂಟೆನಾ ಬಿಚ್ಚಿದ ಮೇಲೆ ಕಾಂತಿಮಾನ 0.4ರವರೆಗೆ ಏರಿತು, ಅಂದರೆ ಇಡೀ ಆಕಾಶದ ಅತಿ ಪ್ರಕಾಶದ ನಕ್ಷತ್ರಗಳ ಸಾಲಿಗೆ ಬಂತು. ಖಗೋಳಜ್ಞರು ಕೇಳುತ್ತಿರುವುದು 7ಕ್ಕಿಂತ ಮಂಕಾಗಿರಲಿ ಎಂದು. ಆ ಎರಡರ ನಡುವೆ 400 ಪಟ್ಟಿಗೂ ಹೆಚ್ಚಿನ ಅಂತರವಿದೆ. ಉಪಗ್ರಹ ಕಟ್ಟುವವರು ತೂಕ, ವಿದ್ಯುತ್ತು, ವೆಚ್ಚ ಲೆಕ್ಕ ಹಾಕುವಾಗಲೇ ಹೊಳಪನ್ನೂ ಒಂದು ಷರತ್ತಾಗಿ ಇಟ್ಟುಕೊಳ್ಳಬೇಕು. ಹಾರಿಸಿದ ಮೇಲೆ ಬಣ್ಣದ ಡಬ್ಬಿ ಹಿಡಿದು ಮೇಲೆ ಹೋಗಲಾಗದು.

ಪ್ರಶ್ನೆ: ಇದೆಲ್ಲ ನಕ್ಷತ್ರಗಳಿಗೂ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ನಕ್ಷತ್ರ ತನ್ನದೇ ಬೆಳಕಿನಿಂದ ಹೊಳೆಯುತ್ತದೆ. ಅಲ್ಲಿ ಪ್ರತಿಫಲನದ ಜಾಗದಲ್ಲಿ ಮೇಲ್ಮೈಯ ಉಷ್ಣತೆ ಬಂದು ಕೂರುತ್ತದೆ. ವಿಸ್ತೀರ್ಣ ಮತ್ತು ದೂರ ಹಾಗೆಯೇ ಉಳಿಯುತ್ತವೆ.

ಪ್ರಶ್ನೆ: 2029ರಲ್ಲಿ ಅಪೋಫಿಸ್ ಕ್ಷುದ್ರಗ್ರಹ ಬರಿಗಣ್ಣಿಗೇ ಕಾಣುತ್ತದಂತೆ. ಕೆಲವು ನೂರು ಮೀಟರಿನ ಕಲ್ಲು ಕಾಣುವುದು ಹೇಗೆ? ದೂರದರ್ಶಕ ಬೇಕೇ?

ಉತ್ತರ: ಕಾಣುತ್ತದೆ, ದೂರದರ್ಶಕ ಬೇಡ. ವೆಸ್ಟಾದೊಂದಿಗೆ ಹೋಲಿಸಿ. ವೆಸ್ಟಾ ಅಪೋಫಿಸ್‌ಗಿಂತ ಸುಮಾರು 1,500 ಪಟ್ಟು ಅಗಲ. ಆದರೆ 2029ರ ಏಪ್ರಿಲ್ 13ರಂದು ಅಪೋಫಿಸ್ ಭೂಮಿಯ ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ವೆಸ್ಟಾ ಅತಿ ಹತ್ತಿರ ಬಂದಾಗಲೂ ಇದರ 4,000 ಪಟ್ಟಿಗಿಂತ ಹೆಚ್ಚು ದೂರದಲ್ಲಿರುತ್ತದೆ, ಅಲ್ಲಿನ ಬಿಸಿಲೂ ಇಲ್ಲಿನ ಸುಮಾರು ಐದನೆಯ ಒಂದು ಪಾಲು. ಪ್ರತಿಫಲನಾಂಕದಲ್ಲೂ ಅಪೋಫಿಸ್ ಕಪ್ಪು ಜಾತಿಯದಲ್ಲ, ಶೇಕಡಾ 30ರ ಆಸುಪಾಸು ಮರಳಿಸುವ ಸಿಲಿಕೇಟ್ ಕಲ್ಲು. ಹಾಗಾಗಿ ಕಾಂತಿಮಾನ 3.1ರವರೆಗೆ ಬರುತ್ತದೆ. ಅಪ್ಪಳಿಸುವ ಭಯ ಬೇಡ, ಕಕ್ಷೆಯನ್ನು ರಾಡಾರ್ ಅಳತೆಗಳಿಂದ ಚೆನ್ನಾಗಿ ಖಚಿತಪಡಿಸಿಕೊಂಡಿದ್ದಾರೆ.

ಅತಿ ಹೆಚ್ಚು ಹೊಳೆಯುವ ಹೊತ್ತಿನಲ್ಲಿ ಅದು ಯುರೋಪ್, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ರಾತ್ರಿ ಆಕಾಶದಲ್ಲಿರುತ್ತದೆ. ಉಪಗ್ರಹದಷ್ಟು ಬೇಗ ಓಡುವುದಿಲ್ಲ. ಅತಿ ಹತ್ತಿರ ಬಂದಾಗ ಹುಣ್ಣಿಮೆ ಚಂದ್ರನ ಅಗಲದಷ್ಟನ್ನು ಒಂದು ನಿಮಿಷದೊಳಗೆ ದಾಟುತ್ತದೆ, ಆದ್ದರಿಂದ ಸರಿಯುವುದು ಕಣ್ಣಿಗೇ ಗೊತ್ತಾಗುತ್ತದೆ. ಅದು ಉದ್ದನೆಯ ಕಲ್ಲು, ನೇರವಾಗಿ ತಿರುಗದೆ ಉರುಳಾಡುತ್ತ ಸಾಗುತ್ತದೆ. ಯಾವ ಹೊತ್ತಿಗೆ ಯಾವ ಬದಿ ನಮ್ಮ ಕಡೆಗಿರುತ್ತದೆ ಎಂಬುದರ ಮೇಲೆ ಹೊಳಪು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ನೋಡುವ ಅವಕಾಶ ಇದ್ದವರು ಹತ್ತು ನಿಮಿಷಕ್ಕೊಮ್ಮೆ ಪಕ್ಕದ ಎರಡು ನಕ್ಷತ್ರಗಳೊಂದಿಗೆ ಹೋಲಿಸಿ, ಗಡಿಯಾರದ ಸಮಯದ ಜೊತೆ ಹೊಳಪಿನ ಅಂದಾಜನ್ನು ಬರೆದಿಟ್ಟು ನನಗೆ ಕಳಿಸಿ. ಒಂದು ನಕ್ಷತ್ರ ಅದಕ್ಕಿಂತ ಹೆಚ್ಚು ಹೊಳೆಯುವುದಾಗಿರಲಿ, ಇನ್ನೊಂದು ಕಡಿಮೆ ಹೊಳೆಯುವುದಾಗಿರಲಿ. ನಕ್ಷತ್ರಗಳ ಹೆಸರು ಗೊತ್ತಿಲ್ಲದಿದ್ದರೆ ಆ ಭಾಗದ ಆಕಾಶದ ಚಿತ್ರ ಬರೆದು ಗುರುತು ಹಾಕಿದರೂ ಸಾಕು.